ಒಡೆಯನ ಋಣ: ಮಲೆನಾಡಿನ ಸಾಮಂತರು ಮತ್ತು ಅವರ ನಿಷ್ಠೆ

ಮೂಡಿಗೆರೆ ತಾಲ್ಲೂಕಿನ ಅಂಗಡಿ ಇಂದು ಕಾಫಿ ತೋಟಗಳ ನಡುವಿನ ಸಣ್ಣ ಹಳ್ಳಿಯಾಗಿದ್ದರೂ, ಶಾಸನಗಳು ಸೊಸೆವೂರು ಎಂದು ಕರೆಯುವ ಈ ಊರೇ ಹೊಯ್ಸಳ ವಂಶದ ಮೂಲನೆಲೆಯೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಇಲ್ಲಿನ ವಾಸಂತಿಕಾ ದೇವಿಯ ಗುಡಿ ಮತ್ತು ಬಸದಿಗಳ ಆಸುಪಾಸಿನಲ್ಲಿ ತಲೆಯೆತ್ತಿದ ಈ ಮನೆತನದವರು ಮೊದಲಿಗೆ ಮಲೆಪರು, ಅಂದರೆ ಘಟ್ಟದ ನಾಡುಗಳನ್ನು ಆಳುತ್ತಿದ್ದ ಸಣ್ಣ ನಾಯಕರು. ‘ಮಲೆಪರೊಳ್ ಗಂಡ’ ಎಂಬ ಬಿರುದನ್ನು ಅವರು ದೊಡ್ಡ ಅರಸರಾದ ಮೇಲೂ ಬಿಡದೆ ಶಾಸನಗಳಲ್ಲಿಯೂ ಚಿನ್ನದ ನಾಣ್ಯಗಳ ಮೇಲೂ ಮೆರೆಸಿದರು.

ಸಾಮಂತ ಎಂಬ ಪದಕ್ಕೆ ಮೂಲದಲ್ಲಿ ನೆರೆಯವನು ಎಂಬ ಅರ್ಥವಿದ್ದು, ಕಾಲಕ್ರಮದಲ್ಲಿ ಅದು ಮೇಲೊಬ್ಬ ಚಕ್ರವರ್ತಿಯನ್ನು ಒಪ್ಪಿಕೊಂಡು ತನ್ನ ನಾಡನ್ನು ತಾನೇ ಆಳಿಕೊಳ್ಳುವ ಅರಸನಿಗೆ ಸಲ್ಲತೊಡಗಿತು. ಸಾಮಂತನು ಕಪ್ಪ ಕೊಡಬೇಕು, ಕರೆ ಬಂದಾಗ ದಂಡು ಕಟ್ಟಿಕೊಂಡು ಹೋಗಬೇಕು, ತನ್ನ ಶಾಸನದಲ್ಲಿ ಮೊದಲು ಚಕ್ರವರ್ತಿಯ ಹೆಸರನ್ನು ಹೇಳಿ ತನ್ನನ್ನು ‘ತತ್ಪಾದಪದ್ಮೋಪಜೀವಿ’, ಅಂದರೆ ಆ ಪಾದಕಮಲಗಳನ್ನು ನಂಬಿ ಬದುಕುವವನು, ಎಂದು ಹೇಳಿಕೊಳ್ಳಬೇಕು. ಪ್ರತಿಯಾಗಿ ಅವನಿಗೆ ಮಹಾಮಂಡಲೇಶ್ವರನೆಂಬ ಪದವಿಯೂ, ಐದು ಬಗೆಯ ವಾದ್ಯಗಳನ್ನು ಮೊಳಗಿಸಿಕೊಳ್ಳುವ ‘ಪಂಚಮಹಾಶಬ್ದ’ದ ಗೌರವವೂ ದೊರೆಯುತ್ತಿದ್ದವು.

ಹನ್ನೊಂದನೆಯ ಶತಮಾನದಲ್ಲಿ ಹೊಯ್ಸಳ ವಿನಯಾದಿತ್ಯನು ಕಲ್ಯಾಣದ ಚಾಲುಕ್ಯರಿಗೆ ಇಂಥ ಸಾಮಂತನಾಗಿದ್ದನು. ಅವನ ಮಗ ಎರೆಯಂಗನು ಚಾಲುಕ್ಯರ ಪರವಾಗಿ ದೂರದ ಮಾಳವಕ್ಕೆ ದಂಡೆತ್ತಿ ಹೋಗಿ ಧಾರಾನಗರದ ಮೇಲೆ ಬಿದ್ದು, ಚಕ್ರವರ್ತಿಯ ಬಲದೋಳೆಂಬ ಹೊಗಳಿಕೆಗೆ ಪಾತ್ರನಾದನು. ಆದರೆ ಎರೆಯಂಗನ ಮಗ ವಿಷ್ಣುವರ್ಧನನು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ಅದೇ ಚಾಲುಕ್ಯರ ವಿರುದ್ಧ ತಿರುಗಿಬಿದ್ದನು. ಅವನನ್ನು ಹತ್ತಿಕ್ಕಲು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ನೆಚ್ಚಿಕೊಂಡದ್ದು ಯಲಬುರ್ಗಿಯ ಸಿಂದರನ್ನು, ಅಂದರೆ ತನ್ನ ಮತ್ತೊಂದು ಸಾಮಂತ ಮನೆತನವನ್ನು. ಒಬ್ಬ ಸಾಮಂತನ ಸೊಕ್ಕನ್ನು ಇನ್ನೊಬ್ಬನಿಂದ ಮುರಿಸುವ ಈ ವ್ಯವಸ್ಥೆಯಲ್ಲಿ ನಿಷ್ಠೆಯು ಚಕ್ರವರ್ತಿಯ ಬಲವಿರುವವರೆಗೆ ಮಾತ್ರ ಉಳಿಯುತ್ತಿತ್ತು. ಆ ಬಲ ಕುಂದಿದಾಗ, ಹನ್ನೆರಡನೆಯ ಶತಮಾನದ ಕೊನೆಯಲ್ಲಿ, ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನು ಸ್ವತಂತ್ರನಾದನು.

ಅದೇ ಬಲ್ಲಾಳನಿಗೆ ಅವನ ಆಳುಗಳು ಸಲ್ಲಿಸಿದ ನಿಷ್ಠೆಯ ಬಗೆಯೇ ಬೇರೆ. ಉಂಡ ಅನ್ನದ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸುವುದನ್ನು ಹಳಗನ್ನಡವು ಜೋಳವಾಳಿ ಎಂದೂ, ಒಡೆಯನೊಡನೆಯೇ ಸಾಯುವೆನೆಂಬ ಭಾಷೆಯನ್ನು ವೇಳೆವಾಳಿ ಎಂದೂ ಕರೆದಿದೆ. ಈ ಭಾಷೆ ಕೊಟ್ಟ ಲೆಂಕರಿಗೆ, ಅಂದರೆ ಒಡೆಯನ ಸೇವಕರಿಗೆ, ಹೊಯ್ಸಳರಲ್ಲಿ ಗರುಡರೆಂಬ ಹೆಸರಿತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಕಂಬವೊಂದರ ಶಾಸನವು ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನೂ, ಅವನ ಪತ್ನಿ ಸುಗ್ಗಲದೇವಿಯೂ, ಸಾವಿರ ವೀರರೂ ಇಂಥ ಭಾಷೆಗೆ ಕಟ್ಟುಬಿದ್ದು ಮಡಿದುದನ್ನು ತಿಳಿಸುತ್ತದೆ. ಕಂಬದ ಸುತ್ತ ಕೆತ್ತಿರುವ ಸಣ್ಣ ಉಬ್ಬುಶಿಲ್ಪಗಳಲ್ಲಿ ಕತ್ತಿ ಹಿಡಿದ ವೀರರು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿರುವುದನ್ನು ಕಾಣಬಹುದು. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳಂತೂ ಒಂದೇ ನಾಯಕ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಮಡದಿಯರೊಡನೆ ಹೀಗೆ ಪ್ರಾಣ ಕೊಟ್ಟುದನ್ನು ದಾಖಲಿಸುತ್ತವೆ. ತಾನು ಮೇಲಿನವನಿಗೆ ಕೊಡದ ನಿಷ್ಠೆಯನ್ನು ಅರಸನು ಕೆಳಗಿನವರಿಂದ ಪಡೆದನೆಂಬುದನ್ನು ಮರೆತು ಈ ಕಂಬಗಳನ್ನು ಬರಿಯ ಶೌರ್ಯದ ಗುರುತುಗಳೆಂದು ಕೊಂಡಾಡಿದರೆ ಸತ್ತವರಿಗೆ ನ್ಯಾಯ ಒದಗಿಸಿದಂತಾಗುವುದಿಲ್ಲ.

ಕಳಸದ ಅರಸರ ದಾರಿ ಇವೆರಡಕ್ಕಿಂತ ಬೇರೆಯದು. ಹೊಂಬುಜದ ಸಾಂತರ ಪರಂಪರೆಗೆ ಸೇರಿದ ಇವರು ಘಟ್ಟದ ಮೇಲೆ ಕಳಸವನ್ನೂ, ಕೆಳಗೆ ಕಾರ್ಕಳವನ್ನೂ ನೆಲೆಮಾಡಿಕೊಂಡು ಭೈರರಸರೆಂದು ಹೆಸರಾದರು. ವಿಜಯನಗರದ ಅಧೀನದಲ್ಲಿದ್ದುಕೊಂಡೇ ಇವರು ಬೆಳೆದರು. 1432ರಲ್ಲಿ ವೀರಪಾಂಡ್ಯನು ಕಾರ್ಕಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ್ದೂ, 1586ರಲ್ಲಿ ಇಮ್ಮಡಿ ಭೈರರಸನು ಚತುರ್ಮುಖ ಬಸದಿಯನ್ನು ಕಟ್ಟಿಸಿದ್ದೂ ಅಧೀನತೆಯೊಳಗೆ ಎಷ್ಟು ಸ್ವಾತಂತ್ರ್ಯವಿತ್ತೆಂಬುದಕ್ಕೆ ಸಾಕ್ಷಿ.

ಅಂಗಡಿ, ಕಳಸಗಳ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟದಲ್ಲಿ ಅಚ್ಚುಹಾಕಿಸಿ ನೂರು ವರ್ಷಗಳಿಗೂ ಹೆಚ್ಚಾಯಿತು. ಆದರೂ ಒಡೆಯನಿಗಾಗಿ ಸತ್ತ ಆಳೊಬ್ಬನ ಗುರುತು ಹಲವೆಡೆ ಒಂದು ವೀರಗಲ್ಲು ಮಾತ್ರ. ತೋಟದಲ್ಲಿ ಗಿಡಕ್ಕೆ ಗುಂಡಿ ತೆಗೆಯುವಾಗ ಅಂಥ ಕಲ್ಲು ಸಿಕ್ಕರೆ ಅದನ್ನು ಮೆಟ್ಟಿಲಿಗೋ ಬಟ್ಟೆ ಒಗೆಯಲಿಕ್ಕೋ ಬಳಸದೆ, ಸಿಕ್ಕ ಜಾಗದಲ್ಲಿಯೇ ನೆಟ್ಟಗೆ ನಿಲ್ಲಿಸಿ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು.