ಕಿವಿಯಲ್ಲಿ ನಡೆಯುವ ಕಾಳಗ

ಸೂಳೆಕೆರೆ ಸಮೀಪದ ಕೆರೆಬಿಳಚಿಯಲ್ಲಾಗಲಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಯಾವ ಹಳ್ಳಿಯಲ್ಲಾಗಲಿ, ‘ಕುರುಕ್ಷೇತ್ರ’ ನಾಟಕ ಕಟ್ಟಿದರೆ ಜನ ನಿದ್ದೆಗೆಟ್ಟು ಕಾಯುವುದು ಭೀಮ ದುರ್ಯೋಧನರ ಕಾಳಗಕ್ಕೆ. ಕಿರೀಟ, ಭುಜಕೀರ್ತಿ, ಹೆಗಲ ಮೇಲಿನ ಗದೆ, ಹಲಗೆ ನಡುಗಿಸುವ ಹೆಜ್ಜೆ, ಎಲ್ಲವೂ ಕಣ್ಣಿಗೆ ಹಬ್ಬ. ಗುಬ್ಬಿ ವೀರಣ್ಣನವರ ಕಂಪನಿಯಂತೂ ಇದೇ ಹೆಸರಿನ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಅದೇ ಪ್ರಸಂಗವನ್ನು ಬಾನುಲಿ ನಾಟಕ ಮಾಡಹೊರಟರೆ ಇದರಲ್ಲಿ ಒಂದೂ ಕೈಗೆ ಸಿಗುವುದಿಲ್ಲ. ಅಡಿಕೆ ಸುಲಿಯುತ್ತಲೋ ರೊಟ್ಟಿ ಬಡಿಯುತ್ತಲೋ ರೇಡಿಯೋ ನಾಟಕ ಕೇಳುವವರಿಗೆ ಇಬ್ಬರು ಹೊಡೆದಾಡುತ್ತಿದ್ದಾರೆಂದು ಗೊತ್ತಾಗುವುದು ಹೇಗೆ? ಕತ್ತಿಯ ಖಣಖಣ, ಗದೆಯ ಧಡಾರ್ ಜೋರಾಗಿ ಕೇಳಿಸಿದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಕೇಳುವ ನಾಟಕದಲ್ಲಿ ಕಾಳಗ ನಡೆಯುವುದು ಕಾದುವವರ ದನಿಯಲ್ಲಿ, ಆಯುಧದ ಸದ್ದು ಅದಕ್ಕೆ ಊರುಗೋಲು ಮಾತ್ರ. ಈ ಮಾತನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ, ನಮ್ಮ ಪರಂಪರೆಯಲ್ಲೇ ಅದಕ್ಕೆ ಬೇಕಾದಷ್ಟು ಸಾಕ್ಷಿಯಿದೆ.

ಮೊದಲು ಸದ್ದಿನ ಮಿತಿ ನೋಡೋಣ. ಸಿನಿಮಾದ ಹೊಡೆದಾಟದಲ್ಲಿ ಗುದ್ದಿದವರಾರು, ಬಿದ್ದವರಾರು ಎಂದು ಪರದೆಯೇ ತೋರಿಸುತ್ತದೆ. ಅಲ್ಲಿ ಶಬ್ದದ ಕೆಲಸ ಪೆಟ್ಟಿಗೆ ತೂಕ ಕೊಡುವುದಷ್ಟೆ. ಚಿತ್ರ ತೆಗೆದುಬಿಟ್ಟರೆ ಭೀಮನ ಗದೆಗೂ ದುರ್ಯೋಧನನ ಗದೆಗೂ ಕಿವಿಗೆ ವ್ಯತ್ಯಾಸವೇ ಇರುವುದಿಲ್ಲ. ಹತ್ತು ಪೆಟ್ಟು ಕೇಳಿದ ಮೇಲೂ ಯಾರು ಗೆಲ್ಲುತ್ತಿದ್ದಾರೆಂದು ತಿಳಿಯದು. ಪ್ರಸಾರದ ತೊಡಕೂ ಇದೆ. ನಮ್ಮ ದೇಶದಲ್ಲಿ ಮಧ್ಯಮ ತರಂಗದ ಕೇಂದ್ರಗಳ ನಡುವೆ 9 ಕಿಲೋಹರ್ಟ್ಸ್ ಅಂತರವಿರುತ್ತದೆ. ಹಾಗಾಗಿ ಸುಮಾರು 4,500 ಹರ್ಟ್ಸ್‌ಗಿಂತ ಮೇಲಿನ ಚೂಪಾದ ಸದ್ದು ರೇಡಿಯೋದಲ್ಲಿ ಸರಿಯಾಗಿ ಕೇಳಿಸುವುದೇ ಇಲ್ಲ. ಉಕ್ಕಿನ ಹೊಳಪೆಲ್ಲ ಇರುವುದು ಆ ಮೇಲಿನ ಸ್ತರದಲ್ಲಿ. ಅದು ಹೋದ ಮೇಲೆ ಖಡ್ಗಗಳ ಘರ್ಷಣೆ ಅಡುಗೆಮನೆಯ ಪಾತ್ರೆ ಬಿದ್ದಂತೆ ಕೇಳುತ್ತದೆ. ಮನುಷ್ಯನ ಮಾತು ಅರ್ಥವಾಗಲು ಬೇಕಾದ ಬಹುಪಾಲು ಸದ್ದು ಮಾತ್ರ ಅದಕ್ಕಿಂತ ಕೆಳಗೇ ಇರುವುದರಿಂದ ಉಳಿದುಕೊಳ್ಳುತ್ತದೆ.

ಇನ್ನು ಪರಂಪರೆ. ಮಹಾಭಾರತದ ಯುದ್ಧವೆಲ್ಲ ಒಬ್ಬ ಕುರುಡನ ಕಿವಿಗೆ ಬಿದ್ದ ಕಥೆ. ನೋಡುವ ಕಣ್ಣು ಕೊಡುತ್ತೇನೆಂದು ವ್ಯಾಸರು ಹೇಳಿದರೂ ಧೃತರಾಷ್ಟ್ರ ಒಲ್ಲೆನೆಂದ. ಬಂಧುಗಳ ಸಾವನ್ನು ನೋಡಲಾರೆ, ಕೇಳಬಲ್ಲೆ ಎಂದ. ಆಗ ಸಂಜಯನಿಗೆ ದಿವ್ಯದೃಷ್ಟಿ ದೊರೆಯಿತು. ಆ ಸಂಜಯ ಕಥೆ ಹೇಳಿದ ಬಗೆಯನ್ನು ಬಾನುಲಿ ನಾಟಕ ಬರೆಯುವವರು ಗಮನಿಸಬೇಕು. ಅವನು ರಣರಂಗದಿಂದ ಬಂದವನೇ ಭೀಷ್ಮ ಬಿದ್ದ ಸುದ್ದಿಯನ್ನು ಮೊದಲು ಹೇಳುತ್ತಾನೆ, ಹತ್ತು ದಿನಗಳ ಯುದ್ಧದ ವಿವರ ಆಮೇಲೆ ಬರುತ್ತದೆ. ಫಲ ಮೊದಲೇ ತಿಳಿದುಬಿಟ್ಟಿದ್ದರಿಂದ ಮುದುಕ ರಾಜನ ಪ್ರಶ್ನೆ ‘ಯಾರು ಗೆದ್ದರು’ ಎಂಬುದಾಗಿ ಉಳಿಯುವುದಿಲ್ಲ. ಅಂಥ ಭೀಷ್ಮ ಬಿದ್ದದ್ದಾದರೂ ಹೇಗೆ, ನನ್ನ ಮಕ್ಕಳು ಆಗ ಏನು ಮಾಡುತ್ತಿದ್ದರು ಎಂದು ಅವನು ಕೇಳುತ್ತಾನೆ. ಕೇಳುವವನ ಕುತೂಹಲ ಪೆಟ್ಟಿನ ಲೆಕ್ಕ ಬಿಟ್ಟು ಮನುಷ್ಯರ ಕಡೆಗೆ ಹೊರಳುತ್ತದೆ. 1924ರಲ್ಲಿ ಬಿಬಿಸಿಗಾಗಿ ರಿಚರ್ಡ್ ಹ್ಯೂಸ್ ಬರೆದ ರೇಡಿಯೋ ನಾಟಕ ದೀಪ ಆರಿಹೋದ ಕಲ್ಲಿದ್ದಲ ಗಣಿಯಲ್ಲಿ ನಡೆಯುತ್ತದೆ. ಕೇಳುಗರಂತೆ ಪಾತ್ರಗಳೂ ಕತ್ತಲಲ್ಲಿದ್ದರೆ, ಏನಾಯಿತೆಂದು ಅವರೇ ಒಬ್ಬರನ್ನೊಬ್ಬರು ಕೇಳುವುದು ಸಹಜವಾಗುತ್ತದೆ. ಹಸ್ತಿನಾವತಿಯ ಅರಮನೆಯಲ್ಲಿ ಕುಳಿತ ಕುರುಡ ರಾಜ ಆ ಉಪಾಯವನ್ನು ನಮಗೆ ಎಂದೋ ಒದಗಿಸಿಕೊಟ್ಟಿದ್ದಾನೆ.

ಕತ್ತಿ ಬೀಸುವಾಗ ಯಾರಾದರೂ ಉದ್ದುದ್ದ ಮಾತಾಡುತ್ತಾರೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ‘ಇಗೋ, ನಿನ್ನ ಎಡಭುಜಕ್ಕೆ ಹೊಡೆಯುತ್ತಿದ್ದೇನೆ’ ಎಂಬಂಥ ಮಾತು ಬರೆದರೆ ಕೇಳುಗರು ನಗುತ್ತಾರೆ, ನಗಬೇಕಾದ್ದೇ. ಆದರೆ ವರದಿ ಬೇರೆ, ಮೂದಲಿಕೆ ಬೇರೆ. ನಮ್ಮ ಕಾವ್ಯದ ವೀರರು ಮೂದಲಿಸದೆ ಕಾದುವುದೇ ಇಲ್ಲ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ, ಭೀಮ ದಡದಲ್ಲಿ ನಿಂತು ಗರ್ಜಿಸುತ್ತಾನೆ, ಆ ದನಿ ಕೇಳಿ ಕೌರವ ತಣ್ಣನೆಯ ನೀರೊಳಗೇ ಸಿಟ್ಟಿನಿಂದ ಬೆವರುತ್ತಾನೆ. ಗದೆ ಇನ್ನೂ ಮೇಲೆದ್ದಿಲ್ಲ, ಮೊದಲ ಪೆಟ್ಟು ಆಗಲೇ ಬಿದ್ದಾಗಿದೆ. ಕರಾವಳಿ ಮಲೆನಾಡುಗಳ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಆಯುಧವೂ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಕುಳಿತಲ್ಲೇ ಆಡಿದ ಮಾತಿಗೆ ಜನ ಬೆಳಗಿನವರೆಗೆ ಕದಲದೆ ಕೂತಿದ್ದಾರೆ. ಮಾತಿನ ಕಾಳಗ ಅಸಹಜವೆನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಒಳ್ಳೆಯ ಮೂದಲಿಕೆ ದಾರಿಯನ್ನೂ ತೋರಿಸುತ್ತದೆ. ‘ಬಲರಾಮ ನಿನಗೆ ಹಾರುವುದನ್ನು ಕಲಿಸಿದ, ನಿಲ್ಲುವುದನ್ನು ಕಲಿಸಲಿಲ್ಲವೇನೋ ಕೌರವ!’ ಎಂದು ಭೀಮ ಏದುಸಿರಿನಲ್ಲಿ ಹೇಳಿದನೆನ್ನಿ. ದುರ್ಯೋಧನ ಚುರುಕಾಗಿ ಜಿಗಿಯುತ್ತಿದ್ದಾನೆ, ಭೀಮನ ಪೆಟ್ಟು ಗಾಳಿಗೆ ಹೋಗುತ್ತಿದೆ, ಅವನಿಗೆ ದಣಿವಾಗಿದೆ, ಕೋಪವೂ ಏರಿದೆ ಎಂಬುದೆಲ್ಲ ಒಂದೇ ಮಾತಿನಲ್ಲಿ ಬಂತು.

ಹಾಗಾದರೆ ಸದ್ದೇ ಬೇಡವೇ? ಬೇಕು, ಆದರೆ ಎಣಿಸಿ ಬಳಸಬೇಕು. ಇದೇ ಕಾಳಗದ ಕೊನೆಯನ್ನು ತೆಗೆದುಕೊಳ್ಳಿ. ನೇರವಾಗಿ ಕಾದಿದರೆ ಭೀಮ ಗೆಲ್ಲಲಾರ ಎಂದು ಕೃಷ್ಣ ಹೇಳುತ್ತಾನೆ. ವ್ಯಾಸಭಾರತದಲ್ಲಿ ಅರ್ಜುನ ಅದರ ಇಂಗಿತ ಹಿಡಿದು ಭೀಮನಿಗೆ ಕಾಣುವಂತೆ ತನ್ನ ಎಡತೊಡೆ ತಟ್ಟುತ್ತಾನೆ. ಕಣ್ಣಿಗೆಂದು ಮಾಡಿದ ಸನ್ನೆ ಇದು, ಕಿವಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಗರಡಿಯ ಕುಸ್ತಿ ನೋಡಿದವರಿಗೆಲ್ಲ ತೊಡೆ ತಟ್ಟುವ ಸದ್ದು ಗೊತ್ತು. ಅದಕ್ಕೆ ಮುಂಚೆ ಗದೆಗಳ ಸದ್ದು ಪೂರಾ ನಿಲ್ಲಬೇಕು. ಇಬ್ಬರ ಉಸಿರು ಮಾತ್ರ ಕೇಳಬೇಕು, ಭೀಮನದು ಭಾರವಾಗಿ ಮೈಕಿಗೆ ಹತ್ತಿರ, ದುರ್ಯೋಧನನದು ಹಗುರವಾಗಿ ತುಸು ದೂರ. ಆಗ ಅಂಗೈ ತೊಡೆಗೆ ಒಮ್ಮೆ ಬಡಿಯಬೇಕು. ಭೀಮನ ಉಸಿರು ಅರೆಕ್ಷಣ ಹಿಡಿದು ನಿಲ್ಲಬೇಕು, ಏಕೆಂದರೆ ಅಧರ್ಮದ ಪೆಟ್ಟಿಗೆ ಅವನು ಒಪ್ಪಿಕೊಂಡದ್ದು ಆ ಅರೆಕ್ಷಣದಲ್ಲೇ. ಆಮೇಲಿನ ಒಂದು ಪೆಟ್ಟಿಗೆ ಎಷ್ಟು ದೊಡ್ಡ ಸದ್ದು ಹಾಕಿದರೂ ಅದು ಸಲ್ಲುತ್ತದೆ.

ಈಗ ಮೊಬೈಲಿನಲ್ಲಿ ಇಯರ್‌ಫೋನ್ ಹಾಕಿ ಕೇಳುವ ಕಾಲ, ಸ್ಟೀರಿಯೋದಲ್ಲಿ ಒಬ್ಬನನ್ನು ಎಡಕ್ಕೆ, ಇನ್ನೊಬ್ಬನನ್ನು ಬಲಕ್ಕೆ ನಿಲ್ಲಿಸಬಹುದಲ್ಲ ಎನ್ನುವವರಿದ್ದಾರೆ. ನಿಲ್ಲಿಸಬಹುದು, ಆ ಸೌಲಭ್ಯವನ್ನು ಬಿಡಬೇಕಾಗಿಯೂ ಇಲ್ಲ. ಆದರೆ ಎಡಬಲಗಳು ದಿಕ್ಕು ಹೇಳುತ್ತವೆಯೇ ಹೊರತು ಭಯ, ಹಟ, ಪಶ್ಚಾತ್ತಾಪಗಳನ್ನು ಹೇಳುವುದಿಲ್ಲ. ಒಂದೇ ಸ್ಪೀಕರಿನಲ್ಲಿ ಕೇಳುವವರಿಗಂತೂ ಆ ದಿಕ್ಕೂ ಸಿಗದು. ಹಳ್ಳಿಗಳ ಪೌರಾಣಿಕ ನಾಟಕದ ಕಲಾವಿದರು ಮೈಕಿನ ಮುಂದೆ ಬಂದಾಗ ಎದುರಾಗುವ ತೊಡಕು ಇನ್ನೊಂದು. ಬಯಲಿನ ಕೊನೆಯ ಸಾಲಿಗೆ ಮುಟ್ಟಿಸಲು ಪಳಗಿದ ಕಂಠ ಅವರದು. ಸ್ಟುಡಿಯೋದಲ್ಲಿ ಆ ಎತ್ತರದ ಕೂಗು ಒಡೆದು ಕೇಳುತ್ತದೆ, ಉಸಿರಿನ ಸೂಕ್ಷ್ಮವೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಅವರಿಗೆ ಹೊಸದಾಗಿ ನಟನೆ ಹೇಳಿಕೊಡಬೇಕಿಲ್ಲ. ಮೂದಲಿಕೆಯ ಗತ್ತು, ಕಂದಪದ್ಯ ಹಾಡಿ ಬಂದ ಉಸಿರಿನ ಹಿಡಿತ, ಹಾರ್ಮೋನಿಯಂ ಶ್ರುತಿಗೆ ಕೂಡುವ ಕಿವಿ, ಎಲ್ಲವೂ ಅವರಲ್ಲಿದೆ. ಮೈಕಿನಿಂದ ಯಾವ ಮಾತಿಗೆ ಹಿಂದೆ ಸರಿಯಬೇಕು, ಯಾವ ಉಸಿರಿಗೆ ಮುಂದೆ ಬಾಗಬೇಕು ಎಂಬುದನ್ನು ತಾಲೀಮಿನಲ್ಲಿ ಕೂಡಿಸಿಕೊಂಡರೆ, ಗದೆಯ ಸದ್ದನ್ನು ಕೊನೆಗೆ ಸೇರಿಸಿದರೂ ನಡೆಯುತ್ತದೆ.