ಹುಣಸೂರಿನ ನೇರ ಉತ್ತರಕ್ಕೆ ಗಗ್ಗಲ್

ಹುಣಸೂರಿನಿಂದ ಹಕ್ಕಿಯೊಂದು ಎಡಕ್ಕೂ ಬಲಕ್ಕೂ ವಾಲದೆ ನೆಟ್ಟಗೆ ಉತ್ತರಕ್ಕೆ ಹಾರಿತೆನ್ನಿ. ಅದು ಹಿಮಾಚಲ ಪ್ರದೇಶದ ಗಗ್ಗಲ್ ಎಂಬ ಊರಿನ ಆಸುಪಾಸಿಗೆ ಹೋಗಿ ತಲಪುತ್ತದೆ. ಹುಣಸೂರು, ಎಚ್.ಡಿ. ಕೋಟೆ, ಗಗ್ಗಲ್ ಮೂರೂ 76.3 ಡಿಗ್ರಿ ಪೂರ್ವ ರೇಖಾಂಶದ ಅಕ್ಕಪಕ್ಕದಲ್ಲೇ ಇವೆ. ಕಾಂಗ್ರಾ ವಿಮಾನ ನಿಲ್ದಾಣ ಇರುವುದು ಈ ಗಗ್ಗಲ್‌ನಲ್ಲಿ. ಧರ್ಮಶಾಲೆಗೆ ಹೋಗುವವರು ಇಳಿಯುವುದೂ ಇಲ್ಲೇ.

ನಮ್ಮ ಸೀಮೆಗೂ ಧರ್ಮಶಾಲೆಗೂ ನಂಟು ಹಳೆಯದು. 1960ರ ಸುಮಾರಿಗೆ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರಿಗೆ ಜಮೀನು ಕೊಟ್ಟಿತು. 1970ರ ದಶಕದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಕ್ಯಾಂಪ್ ಆಯಿತು. ದಲಾಯಿ ಲಾಮಾ ಅವರ ನಿವಾಸ ಧರ್ಮಶಾಲೆಯಲ್ಲಿ. ಹಾಗಾಗಿ ಸನ್ಯಾಸಿಗಳೂ ಮನೆವಂದಿಗರೂ ಈ ದಾರಿ ಸವೆಸುತ್ತಲೇ ಇದ್ದಾರೆ.

ದೂರವನ್ನು ಪೆನ್ಸಿಲ್ಲಿನಲ್ಲೇ ಲೆಕ್ಕ ಹಾಕಬಹುದು. ಮೈಸೂರಿನ ಮಂಡಕಳ್ಳಿ ನಿಲ್ದಾಣ 12.23 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಗಗ್ಗಲ್ 32.17ರಲ್ಲಿ. ವ್ಯತ್ಯಾಸ 19.94 ಡಿಗ್ರಿ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್, ಗುಣಿಸಿದರೆ 2,213. ಮಂಡಕಳ್ಳಿ ತುಸು ಪೂರ್ವಕ್ಕಿದ್ದರೂ ಆ ಓರೆಯಿಂದ ಹೆಚ್ಚುವುದು ಒಂದು ಕಿಲೋಮೀಟರಿಗೂ ಕಡಿಮೆ. ಗಂಟೆಗೆ 800 ಕಿಲೋಮೀಟರ್ ವೇಗದ ಜೆಟ್ ಇದನ್ನು ಎರಡೂಮುಕ್ಕಾಲು ಗಂಟೆಯಲ್ಲಿ ದಾಟಬೇಕು.

ಆದರೆ ಅಂಥ ಜೆಟ್ ಈ ದಾರಿಯಲ್ಲಿಲ್ಲ. ಕಾರಣ ನೆಲದಲ್ಲಿದೆ. ಮಂಡಕಳ್ಳಿಯ ರನ್‌ವೇ 1,740 ಮೀಟರ್, ಗಗ್ಗಲ್‌ನದು 1,400 ಮೀಟರಿನ ಸುತ್ತಮುತ್ತ. ಪೂರ್ತಿ ಜನ ತುಂಬಿದ ಏರ್‌ಬಸ್ 320ಕ್ಕೆ ಸುಮಾರು 2,000 ಮೀಟರ್ ಬೇಕು. ಎರಡೂ ನಿಲ್ದಾಣಗಳು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿವೆ. ಗಾಳಿ ತೆಳುವಾದಷ್ಟೂ ರೆಕ್ಕೆಗೆ ಆಸರೆ ಕಡಿಮೆ, ಓಟ ಉದ್ದ. ಇಂಥ ಕಡೆ ಒಗ್ಗುವುದು ಎಪ್ಪತ್ತು ಸೀಟಿನ ಎಟಿಆರ್. ಅದರ ವೇಗ ಗಂಟೆಗೆ 500 ಕಿಲೋಮೀಟರ್ ಆಸುಪಾಸು, ತುಂಬಿದ ಸೀಟುಗಳೊಂದಿಗೆ ಒಂದೇ ಉಸಿರಿಗೆ ಹಾರುವುದು 1,500 ಕಿಲೋಮೀಟರಿನ ಒಳಗೆ. ಮಂಡಕಳ್ಳಿಯ ರನ್‌ವೇ ಬೆಳೆಸುವ ಯೋಜನೆಯನ್ನು ನಾನು ಮನಸಾರೆ ಬಯಸುತ್ತೇನೆ. ಆದರೂ ಗಗ್ಗಲ್‌ನದು ಉದ್ದವಾಗದೆ ಈ ಗಂಟು ಬಿಡಿಸಿಕೊಳ್ಳದು.

ಆದ್ದರಿಂದ ಬೈಲುಕುಪ್ಪೆಯವರು ಹೆಚ್ಚಾಗಿ ಮೊದಲು ಬೆಂಗಳೂರಿಗೆ ಬರುತ್ತಾರೆ. ಪಿರಿಯಾಪಟ್ಟಣ, ಹುಣಸೂರು, ಮೈಸೂರು ದಾಟಿ ದೇವನಹಳ್ಳಿ ಸೇರುವಷ್ಟರಲ್ಲಿ 250 ಕಿಲೋಮೀಟರಿಗೂ ಹೆಚ್ಚು ರಸ್ತೆ, ಐದಾರು ಗಂಟೆ. ವಿಮಾನಕ್ಕೆ ಎರಡು ಗಂಟೆ ಮುಂಚೆ ಅಲ್ಲಿರಬೇಕು. ದೆಹಲಿಗೆ ಸುಮಾರು 1,710 ಕಿಲೋಮೀಟರ್, ಎರಡೂಮುಕ್ಕಾಲು ಗಂಟೆ. ಅಲ್ಲಿಂದ ಗಗ್ಗಲ್‌ಗೆ 410 ಕಿಲೋಮೀಟರ್, ಒಂದೂವರೆ ಗಂಟೆ. ದೂರ ಕಾಲುಭಾಗವೂ ಇಲ್ಲ, ಹೊತ್ತು ಅರ್ಧಕ್ಕಿಂತ ಹೆಚ್ಚು: ಸಣ್ಣ ಪಯಣದಲ್ಲಿ ಏರುವುದು, ಇಳಿಯುವುದು, ನೆಲದ ಮೇಲೆ ಸಾಗುವುದೇ ಸಮಯ ತಿನ್ನುತ್ತದೆ. ದೆಹಲಿಯಲ್ಲಿ ಕಾಯುವುದೂ ಸೇರಿದರೆ ಇಡೀ ದಿನ ಹೋಯಿತು. ಅದರಲ್ಲಿ ಆಕಾಶದಲ್ಲಿ ಕಳೆದದ್ದು ನಾಲ್ಕು ಗಂಟೆ ಚಿಲ್ಲರೆ.

ಗಗ್ಗಲ್‌ನ ಉತ್ತರಕ್ಕೆ ಧೌಲಾಧಾರ್ ಬೆಟ್ಟಸಾಲು. ಮೋಡ ಕವಿದರೆ ವಿಮಾನ ಇಳಿಯುವುದು ಕಷ್ಟ, ಮಳೆಗಾಲದಲ್ಲಿ ರದ್ದಾಗುವುದುಂಟು. ಆಗ ದೆಹಲಿಯ ಮಜ್ನು ಕಾ ಟೀಲಾದಿಂದ ಸಂಜೆ ಹೊರಡುವ ಬಸ್ಸೇ ಗತಿ. ರಾತ್ರಿಯಿಡೀ ಓಡಿ, ಬೆಳಿಗ್ಗೆ ಧರ್ಮಶಾಲೆ.