ಪೊಟ್ಟಣದ ಮೇಲೆ ಕಂಪನಿ, ಹೊಲದಲ್ಲಿ ರಾಣೆಬೆನ್ನೂರು

ಒಂದು ಗ್ರಾಂ ಟೊಮೆಟೊ ಬೀಜ ಎಂದರೆ ಸುಮಾರು 300 ಕಾಳು. ಅಂಗಡಿಯಲ್ಲಿ ಸಿಗುವ 10 ಗ್ರಾಂ ಹೈಬ್ರಿಡ್ ಪೊಟ್ಟಣದಲ್ಲಿ ಹೆಚ್ಚುಕಡಿಮೆ 3,000. ಕಾಯಿಗೆ ನೂರು ಬೀಜ ಸಿಕ್ಕವೆಂದು ಹಿಡಿದರೂ ಆ ಪುಟ್ಟ ಪೊಟ್ಟಣಕ್ಕಾಗಿ ಮೂವತ್ತು ಹೂಗಳನ್ನು ಒಂದೊಂದಾಗಿ ಬಿಡಿಸಿ, ಒಂದೊಂದಕ್ಕೂ ಕೈಯಾರೆ ಪರಾಗ ಮುಟ್ಟಿಸಿರಬೇಕು. ಪೊಟ್ಟಣದ ಮೇಲೆ ಕಂಪನಿಯ ಹೆಸರಿರುತ್ತದೆ, ಕೆಂಪು ಹಣ್ಣಿನ ಚಿತ್ರವಿರುತ್ತದೆ. ಹೂ ಮುಟ್ಟಿದ ಕೈಗಳು ಯಾವ ಊರಿನವು ಎಂಬುದು ಇರುವುದಿಲ್ಲ. ಎಷ್ಟೋ ಸಲ ಆ ಊರು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸೀಮೆಯದು.

ಒಬ್ಬರು ತಯಾರಿಸಿದ್ದನ್ನು ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಮಾರುವುದು ಇಂದಿನ ವ್ಯಾಪಾರದಲ್ಲಿ ಸಾಮಾನ್ಯ. ಜಗತ್ತಿನ ಹಲವು ಬ್ರ್ಯಾಂಡುಗಳ ಗಾಲ್ಫ್ ಕ್ಲಬ್‌ಗಳ ಲೋಹದ ತಲೆಗಳು ತೈವಾನ್, ಚೀನಾದ ಕೆಲವೇ ಎರಕದ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. ಬೀಜದ ಲೋಕದಲ್ಲಿ ಅಂಥ ಕಾರ್ಖಾನೆ ರೈತನ ಹೊಲವೇ. ಟೊಮೆಟೊ, ಮೆಣಸಿನಕಾಯಿ, ದೊಣ್ಣೆ ಮೆಣಸಿನಕಾಯಿ, ಬದನೆ, ಬೆಂಡೆ, ಹತ್ತಿ ಹೀಗೆ ನಾನಾ ಬೆಳೆಗಳ ಹೈಬ್ರಿಡ್ ಬೀಜ ಈ ಭಾಗದಲ್ಲಿ ತಯಾರಾಗುತ್ತದೆ. ದೇಶಿ ಕಂಪನಿಗಳಿಗೂ ವಿದೇಶಿ ಕಂಪನಿಗಳಿಗೂ ಬೀಜ ಬೆಳೆದುಕೊಡುವ ರೈತರು ಇಲ್ಲಿದ್ದಾರೆ.

ಇದಕ್ಕೆ ಹಿನ್ನೆಲೆಯಿದೆ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ ‘ಕರ್ನಾಟಕ’ ಎಂಬ ಹೈಬ್ರಿಡ್ ಟೊಮೆಟೊವನ್ನೂ ‘ಭಾರತ್’ ಎಂಬ ದೊಣ್ಣೆ ಮೆಣಸಿನಕಾಯಿಯನ್ನೂ ಮಾರುಕಟ್ಟೆಗೆ ತಂದಿತು. ಇತ್ತ ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ರೂಪಿಸಿದ ‘ವರಲಕ್ಷ್ಮಿ’ ಹತ್ತಿ 1972ರಲ್ಲಿ ಬಿಡುಗಡೆಯಾಯಿತು. ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ವಾಣಿಜ್ಯ ಬೇಸಾಯಕ್ಕೆ ತಂದ ಮೊದಲ ಹೈಬ್ರಿಡ್ ಅದು. ಇಂಥ ತಳಿಗಳ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಕೈಯಿಂದಲೇ ಕ್ರಾಸ್ ಮಾಡಿ ಪಡೆಯಬೇಕು. ಹಾಗಾಗಿ ಬೀಜೋದ್ಯಮಕ್ಕೆ ಒಣ ಹವೆ, ಕೊಳವೆಬಾವಿಯ ನೀರು, ಸಣ್ಣ ಹಿಡುವಳಿ, ತಾಳ್ಮೆಯಿಂದ ದುಡಿಯುವ ಕುಟುಂಬಗಳು ಬೇಕಾದವು. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ರಾಣೆಬೆನ್ನೂರಿನಲ್ಲಿ ಇವೆಲ್ಲ ಒಟ್ಟಿಗೆ ಸಿಕ್ಕವು.

ಕೆಲಸ ಶುರುವಾಗುವುದು ಎರಡು ಬಗೆಯ ಸಸಿಗಳಿಂದ. ಗಂಡು ಸಾಲು ಬೇರೆ, ಹೆಣ್ಣು ಸಾಲು ಬೇರೆ. ಎರಡರ ಮೂಲ ಬೀಜವನ್ನೂ ಕಂಪನಿಯೇ ಕೊಡುತ್ತದೆ. ಅವು ಯಾವ ತಳಿ ಎಂಬುದು ಬಹುತೇಕ ಕಂಪನಿಯ ಗುಟ್ಟು, ರೈತನಿಗೆ ಸಿಗುವುದು ಒಂದು ಕೋಡ್ ಮಾತ್ರ. ಟೊಮೆಟೊದ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗಗಳಿರುತ್ತವೆ. ಅದು ತನ್ನಷ್ಟಕ್ಕೇ ಬಿಟ್ಟರೆ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಅದಕ್ಕೇ ನಾಳೆ ಅರಳಲಿರುವ ಮೊಗ್ಗನ್ನು ಇಂದೇ ಗುರುತಿಸಿ, ಚಿಮಟದಿಂದ ಬಿಡಿಸಿ, ಒಳಗಿನ ಹಳದಿ ಪರಾಗಕೋಶವನ್ನು ಕಿತ್ತು ತೆಗೆಯುತ್ತಾರೆ. ನಡುವಿನ ಎಳೆಯಂಥ ಹೆಣ್ಣು ಭಾಗಕ್ಕೆ ಒಂದಿಷ್ಟೂ ಪೆಟ್ಟಾಗಬಾರದು. ಮೊಗ್ಗು ಒಂದು ದಿನ ಬಲಿತುಬಿಟ್ಟರೆ ಕೆಲಸ ಕೆಟ್ಟಿತು, ಒಂದು ದಿನ ಎಳೆಯದಾದರೆ ಹೂ ಉದುರಿತು.

ಗಂಡು ಸಾಲಿನ ಹೂಗಳನ್ನು ಕೊಯ್ದು, ಒಣಗಿಸಿ, ಜರಡಿ ಹಿಡಿದು ಪರಾಗವನ್ನು ಪುಡಿಯಾಗಿ ಕೂಡಿಡುತ್ತಾರೆ. ಮರುದಿನ ಬೆಳಿಗ್ಗೆ ಆ ಪುಡಿಯನ್ನು ಹೆಣ್ಣು ಹೂವಿನ ತುದಿಗೆ ತಾಗಿಸಬೇಕು. ಇದೇ ಕ್ರಾಸಿಂಗ್. ಕ್ರಾಸ್ ಆದ ಹೂ ಯಾವುದು ಎಂದು ಗೊತ್ತಾಗಲು ಹೂವಿನ ಬುಡದ ಹಸಿರು ಎಸಳನ್ನು ಕತ್ತರಿಸುತ್ತಾರೆ ಅಥವಾ ದಾರ ಕಟ್ಟುತ್ತಾರೆ. ಗುರುತಿಲ್ಲದ ಕಾಯಿ ಕಂಡರೆ ಕಿತ್ತುಹಾಕಬೇಕು. ಹಣ್ಣಾದ ಮೇಲೆ ತಿರುಳಿನಿಂದ ಬೀಜ ಬೇರ್ಪಡಿಸಿ, ತೊಳೆದು, ಹದವಾಗಿ ಒಣಗಿಸಬೇಕು. ಈ ಕೆಲಸದ ಬಹುಪಾಲು ಹೆಣ್ಣುಮಕ್ಕಳದು. ಬಗ್ಗಿ ನಿಂತು, ಕಣ್ಣು ಕೀಲಿಸಿ, ವಾರಗಟ್ಟಲೆ ಒಂದೇ ನಿಗಾದಲ್ಲಿ ಮಾಡುವ ಇದನ್ನು ಕುಶಲಕರ್ಮ ಎನ್ನದೆ ಬರೀ ಕೂಲಿ ಎನ್ನುವುದು ಅನ್ಯಾಯ.

ಬೀಜ ಕೊಟ್ಟ ಕೂಡಲೇ ಪೂರ್ತಿ ಹಣ ಕೈಗೆ ಬರುವುದಿಲ್ಲ. ಮೊಳಕೆ ಪರೀಕ್ಷೆ ಆಗಬೇಕು. ನಂತರ ಆ ಬೀಜವನ್ನೇ ಬಿತ್ತಿ, ಗಿಡ ಬೆಳೆಸಿ, ಬೆರಕೆ ಇದೆಯೇ ಎಂದು ನೋಡುವ ಗ್ರೋ-ಔಟ್ ಪರೀಕ್ಷೆ ಆಗಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಲಾಟ್ ಫೇಲಾದರೆ ಇಡೀ ಹಂಗಾಮಿನ ದುಡಿಮೆ ಹೋಯಿತು. ಕಂಪನಿಗೂ ರೈತನಿಗೂ ನಡುವೆ ಆರ್ಗನೈಸರ್ ಇರುತ್ತಾನೆ. ಮುಂಗಡ ಕೊಡುವವನೂ ಅವನೇ, ಲೆಕ್ಕ ಮುರಿದುಕೊಳ್ಳುವವನೂ ಅವನೇ. ಬೆಳೆದ ಬೀಜವನ್ನು ಬೇರೆ ಯಾರಿಗೂ ಮಾರುವಂತಿಲ್ಲ. ಆದರೂ ಒಂದೆರಡು ಎಕರೆಯವರಿಗೆ ಸಾಮಾನ್ಯ ಬೆಳೆಗಿಂತ ಹೆಚ್ಚು ಆದಾಯದ ದಾರಿ ಇದೇ ಆದ್ದರಿಂದ ಹಲವರು ಬಿಟ್ಟಿಲ್ಲ. ಈ ಕಸುಬಿಗೆ ಕಪ್ಪು ಪುಟವೂ ಇದೆ. ಚಿಕ್ಕ ಬೆರಳುಗಳಿಗೆ ಸುಲಭವೆಂಬ ನೆಪದಲ್ಲಿ ಶಾಲೆ ಬಿಡಿಸಿ ಮಕ್ಕಳನ್ನು ಕ್ರಾಸಿಂಗ್‌ಗೆ ಹಚ್ಚಿದ್ದು ದಾಖಲಾಗಿದೆ. ಕಂಪನಿಗಳು ಕೊಡುವ ದರದಲ್ಲಿ ದೊಡ್ಡವರ ಪೂರ್ಣ ಕೂಲಿ ಹುಟ್ಟಿದಾಗ ಮಾತ್ರ ಆ ಪುಟ ಪೂರ್ತಿ ಮುಚ್ಚುತ್ತದೆ.

ಪಕ್ಕದ ಬ್ಯಾಡಗಿಯ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ಊರ ಹೆಸರೇ ಬ್ರ್ಯಾಂಡ್. ಖಾರ ಕಡಿಮೆ, ಬಣ್ಣ ಗಾಢವಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕಡ್ಡಿ, ಡಬ್ಬಿ ತಳಿಗಳ ಒಳ್ಳೆಯ ಕಾಯಿ ಆರಿಸಿ, ಮನೆಯಲ್ಲೇ ಬೀಜ ಕಾಪಾಡಿಕೊಂಡು ಬಂದವರು ರೈತರೇ. ಯಾವುದೇ ಮಸಾಲೆ ಕಂಪನಿಯ ಪೊಟ್ಟಣವಾಗಲಿ, ‘ಬ್ಯಾಡಗಿ’ ಎಂದು ಬರೆದರೆ ಗಿರಾಕಿ ನಂಬುತ್ತಾನೆ. ಆದರೆ ಅದೇ ಮಾರುಕಟ್ಟೆಗೆ ಇಂದು 5531, 2043 ಎಂಬ ಸಂಖ್ಯೆಗಳಿಂದ ಕರೆಯುವ ಕಂಪನಿ ತಳಿಗಳ ಕಾಯಿಯೂ ಬರುತ್ತದೆ. ಒಂದು ಊರಿಗೆ ಹೆಸರಿದೆ, ಅದರ ಬೀಜ ಕೈತಪ್ಪುತ್ತಿದೆ. ಇನ್ನೊಂದು ಊರ ಕೈಯಲ್ಲಿ ಬೀಜವಿದೆ, ಅದಕ್ಕೆ ಹೆಸರಿಲ್ಲ.

ಕಾನೂನು ಏನು ಹೇಳುತ್ತದೆ? 1966ರ ಬೀಜ ಕಾಯ್ದೆ ಮತ್ತು 1968ರ ನಿಯಮಗಳ ಪ್ರಕಾರ ಲೇಬಲ್ ಮೇಲೆ ತಳಿ, ಲಾಟ್ ಸಂಖ್ಯೆ, ಮೊಳಕೆ ಪ್ರಮಾಣ, ಶುದ್ಧತೆ, ಮಾರುವವರ ಹೆಸರು, ವಿಳಾಸ ಇರಬೇಕು. ಬೆಳೆದವರ ಹೆಸರು ಬೇಕೆಂದಿಲ್ಲ. ತಳಿ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ 2001ರ ಕಾಯ್ದೆ ರೈತನಿಗೆ ಬೀಜ ಉಳಿಸುವ, ಹಂಚುವ, ಮಾರುವ ಹಕ್ಕು ಕೊಟ್ಟಿದೆ. ಆದರೆ ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ. ಬೀಜದ ಮೂಲ ಪತ್ತೆಹಚ್ಚಲು ಕೇಂದ್ರ ಸರ್ಕಾರ 2023ರಲ್ಲಿ ‘ಸಾಥಿ’ ಪೋರ್ಟಲ್ ಆರಂಭಿಸಿದೆ. ಕ್ಯೂಆರ್ ಕೋಡ್ ಮೂಲಕ ಲಾಟ್‌ನ ಜಾಡು ಹಿಡಿಯುವ ವ್ಯವಸ್ಥೆ ಅದು.

ಜಾಡು ಹಿಡಿಯುವುದು ಸಾಧ್ಯ ಎಂದಾದರೆ ಬೀಜ ಬೆಳೆದ ತಾಲ್ಲೂಕಿನ ಹೆಸರನ್ನು ಪೊಟ್ಟಣದ ಮೇಲೆ ಒಂದು ಸಾಲಿನಲ್ಲಿ ಮುದ್ರಿಸುವುದು ಕಷ್ಟವಲ್ಲ. ಹನುಮನಮಟ್ಟಿಯ ಕೃಷಿ ಕಾಲೇಜು, ದೇವಿಹೊಸೂರಿನ ತೋಟಗಾರಿಕೆ ಸಂಶೋಧನಾ ಕೇಂದ್ರ ಹತ್ತಿರದಲ್ಲೇ ಇವೆ. ಅವುಗಳ ಬೆಂಬಲದೊಂದಿಗೆ ಇಲ್ಲಿನ ರೈತ ಉತ್ಪಾದಕ ಕಂಪನಿಗಳು ತಮ್ಮದೇ ಹೆಸರಿನಲ್ಲಿ ಬೀಜ ಮಾರುವ ದಿನ ಬರಬೇಕು. ಅಲ್ಲಿಯವರೆಗೆ, ಮುಂದಿನ ಹಂಗಾಮಿಗೆ ಬೀಜ ಕೊಳ್ಳುವಾಗ ಅಂಗಡಿಯವರನ್ನು ಒಮ್ಮೆ ಕೇಳಿ: ಇದನ್ನು ಬೆಳೆದದ್ದು ಎಲ್ಲಿ? ಕೊಳ್ಳುವವರು ಕೇಳತೊಡಗಿದರೆ ಮಾರುವವರು ಹೇಳಲೇಬೇಕಾಗುತ್ತದೆ.